ವಿಮಾನವೀಕ್ಷಣ: ಪೋಕರಿತನವೊ, ವಿದ್ಯೆಯೊ?

ಹೊಸದೊಂದು ವ್ಯಾಸಂಗವು ನಾಡಿನಲ್ಲಿ ಕಾಲಿರಿಸಿದಾಗ ಜನರು ಅದನ್ನು ಮೊದಲು ಹಾಸ್ಯಮಾಡುವರು, ಆಮೇಲೆ ಸಂಶಯಿಸುವರು, ಅದು ಬೇರೂರಿದ ತರುವಾಯ ತಾವೇ ನೀರೆರೆದು ಬೆಳೆಸಿದೆವೆಂದು ಹೇಳಿಕೊಳ್ಳುವರು. ಬೆಳಗಾವಿಯಲ್ಲಿ ವಿಮಾನವೀಕ್ಷಣಕ್ಕೆ ಈ ಅವಸ್ಥೆಗಳಲ್ಲಿ ಮೊದಲಿನ ಎರಡೂ ಏಕಕಾಲಕ್ಕೆ ಒದಗಿವೆ. ಊರಿನ ಮೂಡಲಿಗೆ ಬಾಗಲಕೋಟೆಯ ಹಾದಿಯ ಮೇಲೆ, ಸುಮಾರು 10 ಕಿಲೋಮೀಟರು ದೂರದಲ್ಲಿರುವ ಸಾಂಬ್ರಾ ವಿಮಾನ ನಿಲ್ದಾಣದ ಬೇಲಿಯ ಹೊರಗೆ, ದುರ್ಬೀನು, ಟಿಪ್ಪಣಿಯ ವಹಿ ಇಲ್ಲವೆ ಕ್ಯಾಮೆರಾ ಹಿಡಿದು ವಿಮಾನದ ಬರವನ್ನು ಕಾಯುವ ತರುಣನನ್ನು ಕಂಡರೆ ಮನೆಯ ಹಿರಿಯರು ಹೊತ್ತುಗಳೆಯುವ ಪೋಕರಿ ಎನ್ನುವರು. ಸಮವಸ್ತ್ರ ತೊಟ್ಟವರು ಇವನು ಯಾರ ಕಡೆಯವನೆಂದು ಹುಬ್ಬುಗಂಟಿಕ್ಕುವರು. ಒಬ್ಬರ ದೃಷ್ಟಿಯಲ್ಲಿ ಅವನು ಕೆಲಸಕ್ಕೆ ಬಾರದವನು, ಮತ್ತೊಬ್ಬರ ದೃಷ್ಟಿಯಲ್ಲಿ ಅಪಾಯದವನು. ಕೆಲಸಕ್ಕೆ ಬಾರದವನು ಅಪಾಯದವನಾಗುವದು ಹೇಗೆಂಬದನ್ನು ಇಬ್ಬರೂ ವಿಚಾರಿಸಿದಂತಿಲ್ಲ. ಈ ಎರಡು ಆಕ್ಷೇಪಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡುವದು ಅವಶ್ಯವಾಗಿದೆ.

ಮೊದಲನೆಯದು ಮನೆಯವರ ಆಕ್ಷೇಪ. ವಿಮಾನವು ಬರುವದು, ಹೋಗುವದು; ಅದನ್ನು ನಿಂತು ನೋಡುವದರಲ್ಲಿ ಬಂದ ಪ್ರಯೋಜನವೇನು? ಆ ಹೊತ್ತಿನಲ್ಲಿ ಹುಡುಗನು ನಾಲ್ಕು ಲೆಕ್ಕ ಮಾಡಬಾರದೆ? ಇದಕ್ಕೆ ಸಮಾಧಾನವೇನೆಂದರೆ, ಬಲ್ಲವನಾಗಿ ನೋಡುವ ಹುಡುಗನು ಅಲ್ಲಿ ಮಾಡುತ್ತಿರುವದೂ ಲೆಕ್ಕವೇ.

ಸಾಂಬ್ರಾದ ರನ್‌ವೇಯ ಎರಡು ತುದಿಗಳಲ್ಲಿ 08 ಮತ್ತು 26 ಎಂಬ ಅಂಕಿಗಳುಂಟು. ಇವು ಊರ ನಂಬರುಗಳಲ್ಲ, ದಿಕ್ಕಿನ ಮಾನಗಳು. ಸೂಜಿಗಲ್ಲಿನ ಉತ್ತರದಿಂದ ಬಲಕ್ಕೆ ಎಣಿಸಿದರೆ ಒಂದು ತುದಿಯಿಂದ ಹಾದಿಯು ಸುಮಾರು 80 ಅಂಶದ ದಿಕ್ಕಿಗೂ ಇನ್ನೊಂದು ತುದಿಯಿಂದ ಸುಮಾರು 260 ಅಂಶದ ದಿಕ್ಕಿಗೂ ಹೊರಳಿದೆ ಎಂದು ಅರ್ಥ. ಎರಡರ ಅಂತರ 180, ಅಂದರೆ ನೇರ ಎದುರುಬದುರು. ವಿಮಾನವು ಗಾಳಿಗೆ ಎದುರಾಗಿ ಏರುವದು, ಗಾಳಿಗೆ ಎದುರಾಗಿಯೇ ಇಳಿಯುವದು. ಎದುರುಗಾಳಿಯು ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗವನ್ನು ಹೆಚ್ಚಿಸುವದರಿಂದ ನೆಲದ ಮೇಲಿನ ಓಟ ಕಡಿಮೆಯಾಗುವದು. ಆದುದರಿಂದ ಮಳೆಗಾಲದ ಪಡುವಣ ಗಾಳಿ ಬೀಸುವಾಗ ವಿಮಾನಗಳು ಸಾಮಾನ್ಯವಾಗಿ ಮೂಡಣದಿಂದ ಬಂದು ಊರಿನ ಕಡೆಗೆ ಮುಖಮಾಡಿ ಇಳಿಯುವವು. ಗಾಳಿಯು ಮೂಡಣಕ್ಕೆ ತಿರುಗಿದಾಗ ಊರಿನ ಕಡೆಯಿಂದ ಬಂದು ಇಳಿಯುವವು. ಮಾನ್ಸೂನಿನ ಪಾಠವನ್ನು ಭೂಗೋಲದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಅದನ್ನು ಪರೀಕ್ಷೆಯ ಮರುದಿನ ಮರೆಯುವನು. ಯಾವ ಕಡೆಯಿಂದ ವಿಮಾನ ಇಳಿದೀತೆಂದು ಮನೆಯ ಮಾಳಿಗೆಯ ಮೇಲೆ ನಿಂತು ಗಾಳಿ ನೋಡಿ ಹೇಳಬಲ್ಲವನು ಎಂದಿಗೂ ಮರೆಯನು.

ಸಾಂಬ್ರಾದ ನೆಲವು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳುವು. ಬೇಸಿಗೆಯ ಕಾವಿನಲ್ಲಿ ಇನ್ನೂ ತೆಳುವು. ತೆಳುಗಾಳಿಯಲ್ಲಿ ರೆಕ್ಕೆಗೆ ಆಧಾರವು ಕಡಿಮೆ, ಯಂತ್ರಕ್ಕೆ ಬಲವೂ ಕಡಿಮೆ. ಆದುದರಿಂದ ಮಂಗಳೂರಿನಲ್ಲಿ ಸಾಲುವ ಓಟವು ಅದೇ ಭಾರಕ್ಕೆ ಇಲ್ಲಿ ಸಾಲದು. ಮೊದಲು ಸುಮಾರು 1,830 ಮೀಟರು ಇದ್ದ ಇಲ್ಲಿಯ ರನ್‌ವೇಯನ್ನು 2,300 ಮೀಟರಿಗೆ ಬೆಳೆಸಿದ ಮೇಲೆಯೇ ಏರ್‌ಬಸ್ 320ರಂಥ ದೊಡ್ಡ ವಿಮಾನಗಳಿಗೆ ಹಾದಿ ತೆರೆದದ್ದು ಏಕೆಂಬದು ಈ ಲೆಕ್ಕದಿಂದ ತಿಳಿಯುವದು. ಅದನ್ನು ತಿಳಿದವನಿಗೆ ಊರಿನ ಸುಧಾರಣೆಯ ಸುದ್ದಿಯು ಬರಿಯ ಸುದ್ದಿಯಾಗಿ ಉಳಿಯದು.

ಇನ್ನು ಗುರುತಿಸುವ ವಿದ್ಯೆ. ಸಾಂಬ್ರಾಕ್ಕೆ ಬಂದು ಹೋದ ವಿಮಾನಗಳಲ್ಲಿ ಎ.ಟಿ.ಆರ್. 72 ಎಂಬದರ ರೆಕ್ಕೆ ಒಡಲಿನ ಮೇಲ್ಗಡೆ ಕೂಡಿದೆ, ಮುಂದೆ ತಿರುಗುವ ಎಲೆಗಳುಂಟು. ಬ್ರೆಜಿಲ್ ದೇಶದ ಎಂಬ್ರೇಯರ್ 145ಕ್ಕೆ ಯಂತ್ರಗಳೆರಡೂ ಬಾಲದ ಹತ್ತಿರ, ಒಡಲು ಬಾಣದಂತೆ ಸಪುರ. ಅದೇ ಮನೆಯ 175ಕ್ಕೆ ಯಂತ್ರಗಳು ರೆಕ್ಕೆಯ ಕೆಳಗೆ. ಬಾಲದ ಬಣ್ಣ ನೋಡಿ ಕಂಪನಿಯ ಹೆಸರು ಹೇಳುವದು ಮಕ್ಕಳ ಆಟ. ಬಣ್ಣ ಕಾಣದ ಮುಂಜಾವಿನ ಮಬ್ಬಿನಲ್ಲಿ ಆಕಾರ, ಸದ್ದು, ಏರುವ ಬಗೆ ಇವುಗಳಿಂದ ಹೇಳುವದು ಅಭ್ಯಾಸದ ಫಲ. ಭಾರತದ ಪ್ರತಿಯೊಂದು ನಾಗರಿಕ ವಿಮಾನದ ಮೈಮೇಲೆ 'ವಿ.ಟಿ.' ಎಂಬ ಅಕ್ಷರಗಳಿರುವವು. ಇವುಗಳಿಗೆ 'ವೈಸರಾಯರ ಪ್ರಾಂತ' ಎಂಬ ಅರ್ಥ ಹಚ್ಚಿ ಕೆರಳುವವರುಂಟು. ನಿಜಕ್ಕೂ ಅವು ಬೇರೆ ಬೇರೆ ದೇಶಗಳಿಗೆ ಹಂಚಿಕೊಟ್ಟ ರೇಡಿಯೊ ಸಂಕೇತಾಕ್ಷರಗಳಲ್ಲಿ ನಮ್ಮ ಪಾಲಿಗೆ ಬಂದವು. ಕಣ್ಣಿಟ್ಟು ನೋಡಿದವನು ಪ್ರಶ್ನೆ ಕೇಳುವನು, ಪ್ರಶ್ನೆ ಕೇಳಿದವನು ಉತ್ತರ ಹುಡುಕುವನು, ಕಾಣದವನು ಸಿಟ್ಟಿಗೇಳುವನು.

ಈ ಮಾತಿನ ಹಿಂದೆಯೇ ಇನ್ನೊಂದು ಕಹಿಯಾದ ಮಾತು ಬರುವದು. ಹುಡುಗನ ಕೈಯಿಂದ ದುರ್ಬೀನು ಕಸಿದುಕೊಳ್ಳುವ ಹಿರಿಯರಲ್ಲಿಯೇ ಕೆಲವರು ನಮ್ಮ ಪೂರ್ವಿಕರಿಗೆ ವಿಮಾನವಿದ್ಯೆ ತಿಳಿದಿತ್ತೆಂದು ಊಟದ ಪಂಕ್ತಿಯಲ್ಲಿ ಉಪನ್ಯಾಸ ಕೊಡುವರು. ಅವರು ಆಧಾರವಾಗಿ ಹಿಡಿಯುವ 'ವೈಮಾನಿಕ ಶಾಸ್ತ್ರ'ವು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ್ದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಪರೀಕ್ಷಿಸಿ, ಗ್ರಂಥವು 1904ಕ್ಕಿಂತ ಹಿಂದಿನದಾಗಿರಲಾರದೆಂದೂ ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ತೋರಿಸಿಕೊಟ್ಟರು. ಪುಷ್ಪಕವು ಕಾವ್ಯದಲ್ಲಿ ಹಾರಲಿ, ಅದು ಅದರ ಸ್ಥಾನ. ಆದರೆ ನಿಜವಾದ ವಿಮಾನದ ಚರಿತ್ರೆಯಲ್ಲಿ ಕನ್ನಡನಾಡಿಗೆ ಹೇಳಿಕೊಳ್ಳುವಂಥ ಸ್ಥಾನವಿರುವಾಗ ಕಲ್ಪನೆಯ ಆಸರೆ ಏತಕ್ಕೆ? 1932ರ ಅಕ್ಟೋಬರದಲ್ಲಿ ಟಾಟಾ ಅವರ ಮೊದಲ ಟಪಾಲು ವಿಮಾನವು ಕರಾಚಿಯಿಂದ ಮುಂಬಯಿಗೆ ಬಂದು, ಅಲ್ಲಿಂದ ಮದರಾಸಿಗೆ ಹೋಗುವ ಹಾದಿಯಲ್ಲಿ ಬಳ್ಳಾರಿಯಲ್ಲಿ ಇಳಿಯಿತು. 1940ರಲ್ಲಿ ವಾಲ್‌ಚಂದ ಹಿರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆ ಹೂಡಿದರು. ಭಾರತೀಯರೇ ರೂಪಿಸಿದ ಎಚ್.ಟಿ.-2 ಎಂಬ ತರಬೇತಿಯ ವಿಮಾನವು 1951ರಲ್ಲಿ ಅಲ್ಲಿಂದಲೇ ಹಾರಿತು. ಪುಷ್ಪಕವನ್ನು ಹೊಗಳಿ, ಇವುಗಳ ಹೆಸರು ಕೇಳದೆ, ಕಣ್ಣೆದುರಿಗೆ ಹಾರುವ ವಿಮಾನವನ್ನು ಗುರುತಿಸಬಲ್ಲ ಮಗನನ್ನು ಗದರಿಸುವದು ಅಭಿಮಾನವಲ್ಲ, ಆಲಸ್ಯ.

ಹೀಗೆ ಹೇಳಿದರೂ ಕೆಲವರು ಒಪ್ಪಲಿಕ್ಕಿಲ್ಲ. ಅಂಥವರು ಬೆಳಗಾವಿಯಿಂದ ತೆಂಕಣ ಪಡುವಲಿಗೆ ಹೊರಟು ಖಾನಾಪುರದ ಕಡೆಗೆ ಒಮ್ಮೆ ಹೋಗಿ ಬರಲಿ. ಮಲಪ್ರಭೆಯು ಹುಟ್ಟಿದ ಕಣಕುಂಬಿ ಆ ತಾಲೂಕಿನಲ್ಲಿದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲ್ಪಟ್ಟ ಭೀಮಗಡದ ಕಾಡೂ ಅಲ್ಲಿಯೇ ಇದೆ. ಅಲ್ಲಿ ಮಂಗಟ್ಟೆ ಹಕ್ಕಿಗಾಗಿ ಬೆಳಗಿನ ಜಾವದಿಂದ ದುರ್ಬೀನು ಹಿಡಿದು ಕುಳಿತವರನ್ನು ಯಾರೂ ಪೋಕರಿ ಎನ್ನುವದಿಲ್ಲ. ಪಕ್ಷಿತಜ್ಞರೆಂದು ಗೌರವಿಸುವರು, ಶಾಲೆಗೆ ಕರೆದು ಭಾಷಣ ಮಾಡಿಸುವರು. ಅದು ಯೋಗ್ಯವೇ. ಭೀಮಗಡದ ಬಾರಾಪೇಡೆ ಗವಿಗಳ ಬಾವಲಿಯೊಂದನ್ನು 1913ರಲ್ಲಿ ವಿದ್ವಾಂಸರು ಹೊಸ ಜಾತಿಯೆಂದು ವರ್ಣಿಸಿ, ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರನ್ನು ಅದಕ್ಕಿಟ್ಟರು. ಬಹುಕಾಲದವರೆಗೆ ಜಗತ್ತಿನಲ್ಲಿ ಅದಕ್ಕೆ ಅದೊಂದೇ ನೆಲೆಯೆಂದು ತಿಳಿಯಲಾಗಿತ್ತು. ಗವಿಯಲ್ಲಿ ಬಾವಲಿ ಇರುವದನ್ನು ಹಳ್ಳಿಯವರು ಎಷ್ಟು ತಲೆಮಾರುಗಳಿಂದ ಕಂಡಿರಲಿಕ್ಕಿಲ್ಲ! ಕಂಡದ್ದನ್ನು ಬೇರೆಯದೆಂದು ಗುರುತಿಸಿ ಬರೆದಿಡುವ ಕಣ್ಣು ಬಂದಾಗ ಖಾನಾಪುರದ ಗವಿಯು ವಿಜ್ಞಾನದ ನಕಾಶದಲ್ಲಿ ಸೇರಿತು.

ಅದೇ ತಾಲೂಕಿನ ಲೋಂಡಾ ಜಂಕ್ಷನ್ನಿನಲ್ಲಿ ಗಾಡಿಗಳನ್ನು ನೋಡುತ್ತ ಬೆಳೆದ ಹುಡುಗರು ಎಂಜಿನುಗಳ ಜಾತಿಯನ್ನು ಸದ್ದಿನಿಂದಲೇ ಹೇಳಬಲ್ಲರು. ಇಂಗ್ಲಂಡಿನಲ್ಲಿ ದಕ್ಷಿಣ ರೇಲ್ವೆಯ ತರುಣ ಗುಮಾಸ್ತ ಇಯನ್ ಅಲನ್ ಎಂಬವನು ಎಂಜಿನುಗಳ ನಂಬರುಗಳ ಕಿರುಹೊತ್ತಗೆಯನ್ನು 1942ರಲ್ಲಿ ಅಚ್ಚು ಹಾಕಿಸಿದನು. ಅದರಿಂದ ಒಂದು ದೊಡ್ಡ ಪ್ರಕಾಶನವೇ ಬೆಳೆಯಿತು. ಹಕ್ಕಿಯನ್ನು ನೋಡಿದರೆ ವಿದ್ಯೆ, ಗಾಡಿಯನ್ನು ನೋಡಿದರೆ ವಿನೋದ, ವಿಮಾನವನ್ನು ನೋಡಿದರೆ ಮಾತ್ರ ಪೋಕರಿತನವೆಂಬದು ಯಾವ ನ್ಯಾಯಶಾಸ್ತ್ರ?

ಎರಡನೆಯದು ಹೆಚ್ಚು ತೂಕದ ಆಕ್ಷೇಪ. ಸಾಂಬ್ರಾ ಬರಿಯ ನಾಗರಿಕ ನಿಲ್ದಾಣವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಶ್ ವಾಯುದಳವೇ ಅದನ್ನು ಕಟ್ಟಿತು. ಬ್ರಹ್ಮದೇಶದ ರಣಕ್ಕೆ ಅದು ಬೆಂಬಲವಾಗಿ ನಿಂತಿತು. ಈಗಲೂ ಅಲ್ಲಿ ಭಾರತೀಯ ವಾಯುಸೇನೆಯ ಶಿಕ್ಷಣಶಾಲೆಯಿದೆ. ಅಂಥ ಸ್ಥಳದಲ್ಲಿ ಕಂಡಕಂಡವರು ದುರ್ಬೀನು ಹಿಡಿದು ನಿಲ್ಲುವದು ದೇಶದ ಕ್ಷೇಮಕ್ಕೆ ಹಿತವೆ? ಈ ಪ್ರಶ್ನೆಯನ್ನು ನಕ್ಕು ತಳ್ಳುವಂತಿಲ್ಲ. ಸೇನೆಯ ನೆಲೆಯ ಚಿತ್ರ ತೆಗೆಯುವ ಹಕ್ಕು ಯಾರಿಗೂ ಇಲ್ಲ, ಇರಲೂ ಕೂಡದು. 1923ರ ಸರಕಾರಿ ರಹಸ್ಯಗಳ ಕಾಯಿದೆಯು ಅದನ್ನು ಸ್ಪಷ್ಟವಾಗಿ ಹೇಳಿದೆ. ನಾಗರಿಕ ನಿಲ್ದಾಣಗಳ ವಿಷಯದಲ್ಲಿ 1937ರ ವಿಮಾನ ನಿಯಮಗಳು ಸರಕಾರಿ ನಿಲ್ದಾಣದಲ್ಲಿ ಬರಹದ ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯಕೂಡದೆಂದು ವಿಧಿಸಿದವು. ಆ ನಿಯಮಗಳಿಗೆ ತಾಯಿಯಾಗಿದ್ದ 1934ರ ಕಾಯಿದೆಯ ಸ್ಥಾನದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮವು ಬಂದಿದೆ. ಕಾನೂನನ್ನು ಅರಿತು ನಡೆಯುವದು ವೀಕ್ಷಕನ ಮೊದಲನೆಯ ಧರ್ಮ.

ಆದರೆ ಆ ನಿಯಮವು ಹೇಳಿದ್ದು ಛಾಯಾಚಿತ್ರದ ಮಾತು. ಸಾರ್ವಜನಿಕ ಹಾದಿಯ ಮೇಲೆ ನಿಂತು ನಾಗರಿಕ ವಿಮಾನವನ್ನು ಕಣ್ಣಿನಿಂದ ನೋಡಿ ಅದರ ಜಾತಿಯನ್ನೂ ವೇಳೆಯನ್ನೂ ವಹಿಯಲ್ಲಿ ಬರೆದುಕೊಳ್ಳುವದಕ್ಕೆ ಅದು ಬಾಧಕವಲ್ಲ. ಅದೂ ಅಲ್ಲದೆ, ಬರೆದುಕೊಂಡದ್ದರಲ್ಲಿ ರಹಸ್ಯವಾದರೂ ಏನಿದೆ? ಈಗಿನ ಪ್ರಯಾಣಿಕ ವಿಮಾನವು ತಾನು ಯಾರು, ಎಲ್ಲಿರುವೆನು, ಎಷ್ಟು ಎತ್ತರದಲ್ಲಿರುವೆನು ಎಂಬದನ್ನು ರೇಡಿಯೊ ಮೂಲಕ ಕ್ಷಣಕ್ಷಣಕ್ಕೂ ತಾನೇ ಸಾರುತ್ತ ಹೋಗುವದು. ಅದನ್ನು ಹಿಡಿದು ಜಗತ್ತಿನ ವಿಮಾನಗಳನ್ನೆಲ್ಲ ನಕಾಶದ ಮೇಲೆ ತೋರಿಸುವ ಸಾಧನವು ಇಂದು ಕಾಲೇಜಿನ ಹುಡುಗರ ಕಿಸೆಯ ಫೋನಿನಲ್ಲಿದೆ. ಇಡೀ ಲೋಕಕ್ಕೆ ಡಂಗುರ ಸಾರಿದ ಸಂಗತಿಯನ್ನು ಬೇಲಿಯ ಹೊರಗೆ ನಿಂತ ಒಬ್ಬ ವಿದ್ಯಾರ್ಥಿಯಿಂದ ಮುಚ್ಚಿಡುವದರಿಂದ ಯಾವ ವೈರಿಗೆ ತಡೆಯಾದೀತು?

ಸಂಶಯವು ವಿವೇಕದ ಮಿತಿ ಮೀರಿದರೆ ಏನಾಗುವದೆಂಬದಕ್ಕೆ ಗ್ರೀಸ್ ದೇಶವು ನಿದರ್ಶನವಾಯಿತು. 2001ರ ನವಂಬರದಲ್ಲಿ ಕಲಮಾತಾ ಎಂಬಲ್ಲಿ 12 ಜನ ಬ್ರಿಟಿಶರನ್ನೂ ಇಬ್ಬರು ಡಚ್ಚರನ್ನೂ ಗೂಢಚಾರರೆಂದು ಹಿಡಿದರು. ಅವರು ಹೋದದ್ದು ವಾಯುದಳವು ಸಾರ್ವಜನಿಕರಿಗಾಗಿ ಬಾಗಿಲು ತೆರೆದ ದಿನ. ಮರುವರ್ಷದ ಏಪ್ರಿಲದಲ್ಲಿ ಎಂಟು ಜನರಿಗೆ ಮೂರು ಮೂರು ವರ್ಷ, ಆರು ಜನರಿಗೆ ಒಂದೊಂದು ವರ್ಷದ ಶಿಕ್ಷೆಯಾಯಿತು. ಅದೇ ವರ್ಷ ನವಂಬರದಲ್ಲಿ ಮೇಲಿನ ನ್ಯಾಯಾಲಯವು ಅವರನ್ನು ನಿರ್ದೋಷಿಗಳೆಂದು ಬಿಟ್ಟಿತು. ವಹಿಯಲ್ಲಿ ನಂಬರು ಬರೆಯುವ ಹವ್ಯಾಸವುಂಟೆಂಬದೇ ಗೊತ್ತಿರದ ಕಾರಣ ಒಂದು ರಾಜ್ಯವು ಲೋಕದ ನಗೆಗೆ ಗುರಿಯಾಯಿತು. 2010ರಲ್ಲಿ ದಿಲ್ಲಿಯಲ್ಲಿಯೂ ಇಬ್ಬರು ಬ್ರಿಟಿಶ್ ವೀಕ್ಷಕರು ಸಿಕ್ಕಿಬಿದ್ದು, ಕೆಲವು ವಾರಗಳ ತೊಂದರೆಯ ಕೊನೆಗೆ 25,000 ರೂಪಾಯಿ ದಂಡ ತೆತ್ತು ಹೋದರು. ಅವರ ಹತ್ತಿರ ವಿಮಾನಗಳ ರೇಡಿಯೊ ಸಂಭಾಷಣೆಯನ್ನು ಕೇಳುವ ಸಾಧನವಿತ್ತು. ಇದರಲ್ಲಿ ಎರಡೂ ಪಕ್ಷಕ್ಕೆ ಪಾಠವಿದೆ: ಪರವಾನಿಗೆ ಬೇಕಾದ ಯಂತ್ರವನ್ನು ವೀಕ್ಷಕನು ಮುಟ್ಟಬಾರದು, ಹವ್ಯಾಸಿಗೂ ಗೂಢಚಾರನಿಗೂ ಇರುವ ಅಂತರವನ್ನು ಅಧಿಕಾರಿಯು ಕಲಿಯಬೇಕು.

ಇನ್ನೊಂದು ಉದಾಹರಣೆಯು ಈ ಆಕ್ಷೇಪವನ್ನು ಬುಡಮೇಲು ಮಾಡುವದು. ಸಾಂಬ್ರಾದ ನೆಲವನ್ನು ಸಮತಟ್ಟು ಮಾಡುತ್ತಿದ್ದ ಆ ಬ್ರಿಟಿಶರ ಸ್ವದೇಶದಲ್ಲಿಯೇ ಆಗ ವಿಮಾನವೀಕ್ಷಣವು ರಾಷ್ಟ್ರಸೇವೆಯಾಗಿತ್ತು. ಅಂಗಡಿಕಾರರು, ಶಿಕ್ಷಕರು, ರೈತರು ಕೂಡಿದ ವೀಕ್ಷಕರ ದಳವು ಹಗಲಿರುಳು ಆಕಾಶ ಕಾಯ್ದು, ಬಂದ ವಿಮಾನವು ತಮ್ಮದೊ ವೈರಿಯದೊ ಎಂದು ತಿಳಿಸುತ್ತಿತ್ತು. ಅದರ ಸೇವೆಯನ್ನು ಮೆಚ್ಚಿ 1941ರಲ್ಲಿ ದೊರೆಯು 'ರಾಯಲ್' ಎಂಬ ಬಿರುದನ್ನಿತ್ತನು. ಅದೇ ವರ್ಷ ವಿಮಾನ ಗುರುತಿಸುವದನ್ನು ಕಲಿಸುವದಕ್ಕಾಗಿಯೇ 'ಏರೊಪ್ಲೇನ್ ಸ್ಪಾಟರ್' ಎಂಬ ಪತ್ರಿಕೆ ಹೊರಟಿತು. 1944ರ ಜೂನದಲ್ಲಿ ಸೈನ್ಯವು ಫ್ರಾನ್ಸಿನ ತೀರಕ್ಕೆ ಇಳಿಯುವಾಗ, ಹಡಗುಗಳ ತೋಪುಗಳು ಸ್ವಪಕ್ಷದ ವಿಮಾನಗಳನ್ನು ಹೊಡೆಯದಿರಲೆಂದು ಈ ದಳದ 796 ಜನ ಸ್ವಯಂಸೇವಕರನ್ನು ಹಡಗುಗಳಲ್ಲಿ ಒಯ್ದರು. ಆಕಾಶವನ್ನು ಬಲ್ಲ ಪ್ರಜೆಯು ರಾಜ್ಯಕ್ಕೆ ಹೆಚ್ಚಿನ ಕಣ್ಣೇ ಹೊರತು ವೈರಿಯಲ್ಲ. ದಿನಾಲು ಅದೇ ಬೇಲಿಯ ಹತ್ತಿರ ನಿಲ್ಲುವವನು ಅಪರಿಚಿತನನ್ನು ಎಲ್ಲರಿಗಿಂತ ಮೊದಲು ಗುರುತಿಸುವನು.

ಶಾಂತಿಕಾಲದಲ್ಲಿಯೂ ಅವನ ಉಪಯೋಗ ಕಡಿಮೆಯಲ್ಲ. ವಿಮಾನಕ್ಕೆ ಹದ್ದು ಬಡಿದರೆ ಅನಾಹುತವಾಗುವದೆಂದು, ನಿಲ್ದಾಣದಿಂದ 10 ಕಿಲೋಮೀಟರಿನೊಳಗೆ ಹಕ್ಕಿಗಳನ್ನು ಸೆಳೆಯುವ ಕಸ ಚೆಲ್ಲುವದನ್ನೂ ಪ್ರಾಣಿಗಳನ್ನು ಕೊಯ್ಯುವದನ್ನೂ ಅವೇ 1937ರ ನಿಯಮಗಳು ನಿಷೇಧಿಸಿದವು. ಸಾಂಬ್ರಾದಿಂದ 10 ಕಿಲೋಮೀಟರೆಂದರೆ ಬೆಳಗಾವಿ ಪಟ್ಟಣದ ಬಹುಭಾಗವೂ ಬಂತು. ಈ ನಿಯಮವನ್ನು ಬಲ್ಲ ಮನೆಗಳು ಎಷ್ಟು? ಕಸದ ರಾಶಿಯ ಮೇಲೆ ಯಾವ ವೇಳೆಗೆ ಎಷ್ಟು ಹದ್ದುಗಳು ಸುತ್ತುವವು, ವಿಮಾನವು ಯಾವ ವೇಳೆಗೆ ಆ ಹಾದಿ ಹಿಡಿಯುವದು ಎಂಬೆರಡನ್ನೂ ಒಂದೇ ವಹಿಯಲ್ಲಿ ಬರೆದಿಟ್ಟವನು ನಗರಸಭೆಗೂ ನಿಲ್ದಾಣಕ್ಕೂ ಸಂಬಳವಿಲ್ಲದ ಸೇವಕ. ಖಾನಾಪುರದ ಪಕ್ಷಿವೀಕ್ಷಕನೂ ಸಾಂಬ್ರಾದ ವಿಮಾನವೀಕ್ಷಕನೂ ಕೈಕೂಡಿಸಬೇಕಾದ ಸ್ಥಳವಿದು.

ಹಾಗಾದರೆ ವೀಕ್ಷಕರಲ್ಲಿ ದೋಷವೇ ಇಲ್ಲವೆ? ಉಂಟು, ಅದನ್ನು ಮುಚ್ಚಿಡುವದು ಅವರ ಹಿತವಲ್ಲ. ಹಾದಿಯಲ್ಲಿ ಗಾಡಿ ನಿಲ್ಲಿಸಿ ಸಂಚಾರ ಕೆಡಿಸುವದು, ರೈತನ ಬೆಳೆ ತುಳಿಯುವದು, ಬೇಲಿ ಹತ್ತುವದು, ಡ್ರೋನು ಹಾರಿಸುವದು, ಸೇನೆಯ ಕಡೆಗೆ ಕ್ಯಾಮೆರಾ ಹೊರಳಿಸುವದು ಇವೆಲ್ಲ ಹುಡುಗಾಟಗಳಲ್ಲ, ಅಪರಾಧಗಳು. ನೋಡುವದಕ್ಕಿಂತ ನೋಡಿದೆನೆಂದು ತೋರಿಸಿಕೊಳ್ಳುವ ಆತುರವೂ ಬೆಳೆಯುತ್ತಿದೆ. ಕ್ಷಣದ ಚಿತ್ರವನ್ನು ನಾಲ್ಕು ಜನರಿಗೆ ಹಂಚಿ ಮರೆಯುವವನು ವೀಕ್ಷಕನಲ್ಲ, ಜಾತ್ರೆಗೆ ಬಂದವನು. ದಿನ, ವೇಳೆ, ಗಾಳಿ, ಮೋಡ, ವಿಮಾನದ ಜಾತಿ, ಇಳಿದ ತುದಿ ಇವಿಷ್ಟನ್ನು ಹತ್ತು ವರ್ಷ ಬಿಡದೆ ಬರೆದಿಟ್ಟರೆ ಅದು ಬೆಳಗಾವಿಯ ಚರಿತ್ರೆಗೆ ಒಂದು ಸಾಧನ. 2018ರಲ್ಲಿ ವಿಮಾನಗಳು ಹುಬ್ಬಳ್ಳಿಗೆ ಹೊರಳಿದಾಗ ಸಾಂಬ್ರಾ ಬರಿದಾದದ್ದು, 2019ರಲ್ಲಿ ಉಡಾನ್ ಯೋಜನೆಯಿಂದ ಮತ್ತೆ ತುಂಬಿಕೊಂಡದ್ದು, ಇವನ್ನೆಲ್ಲ ಊರಿನವರು ಗಾಳಿಮಾತಾಗಿ ಹೇಳುವರೇ ಹೊರತು ದಿನಚರಿಯಾಗಿ ಬರೆದಿಟ್ಟವರೆಷ್ಟು ಜನ? ಆ ದಿನಚರಿಯು ಕನ್ನಡದಲ್ಲಿಯೇ ಇರಬೇಕು. ಹಕ್ಕಿಗೆ, ಮರಕ್ಕೆ, ನೇಗಿಲಿನ ಒಂದೊಂದು ಅಂಗಕ್ಕೆ ಹೆಸರಿಟ್ಟ ಭಾಷೆಯು ವಿಮಾನದ ರೆಕ್ಕೆಯಂಚಿಗೆ ಹೆಸರಿಡದೆ ಸೋತೀತೆ? ಭಾಷೆಯಲ್ಲಿ ಬಡತನವಿಲ್ಲ; ಅದನ್ನು ಆ ಕೆಲಸಕ್ಕೆ ಕರೆದವರಿಲ್ಲ.

ಕೊನೆಗೆ ಪರಿಹಾರದ ಮಾತು. 2017ರಲ್ಲಿ ಸಾಂಬ್ರಾದಲ್ಲಿ ಹೊಸ ಪ್ರಯಾಣಿಕ ಭವನ ತೆರೆಯಿತು. ಅದೂ ಸಾಲದೆಂದು ಇನ್ನೂ ದೊಡ್ಡದೊಂದಕ್ಕೆ 2024ರ ಮಾರ್ಚದಲ್ಲಿ ಪ್ರಧಾನಮಂತ್ರಿಗಳು ಅಡಿಗಲ್ಲಿಟ್ಟರು. ಇಂಥ ಭವನಗಳಲ್ಲಿ ಅಂಗಡಿಗಳಿಗೆ ಸ್ಥಳ, ಜಾಹೀರಾತುಗಳಿಗೆ ಗೋಡೆ, ಗಣ್ಯರಿಗೆ ಪ್ರತ್ಯೇಕ ಕೋಣೆ ಇವು ತಪ್ಪುವದಿಲ್ಲ. ನೋಡಬಂದ ಮಗುವಿಗೆ ಒಂದು ಗಾಜಿನ ಕಿಟಕಿ ಏಕೆ ಬೇಡ? ಇದು ಅಪೂರ್ವವಾದ ಬೇಡಿಕೆಯಲ್ಲ. ಮದರಾಸಿನ ಮೀನಂಬಾಕದಂಥ ಹಳೆಯ ನಿಲ್ದಾಣಗಳಲ್ಲಿ ಪ್ರೇಕ್ಷಕರ ಅಂಕಣಗಳಿದ್ದವು. ಚೀಟಿ ಕೊಂಡು ಸಂಸಾರಸಮೇತ ಹೋಗಿ ವಿಮಾನ ನೋಡಿ ಬರುತ್ತಿದ್ದರು. ಟೋಕಿಯೋದ ಹನೇಡಾ ನಿಲ್ದಾಣದ ಮಾಳಿಗೆಯ ಮೇಲೆ ಇಂದಿಗೂ ಅಂಥ ಅಂಕಣಗಳುಂಟು. ಮ್ಯಾಂಚೆಸ್ಟರಿನಲ್ಲಿ ರನ್‌ವೇಯ ಪಕ್ಕಕ್ಕೆ ವೀಕ್ಷಕರಿಗೆಂದೇ ಒಂದು ಉದ್ಯಾನವಿದ್ದು, ನಿವೃತ್ತವಾದ ಕಾಂಕಾರ್ಡ್ ವಿಮಾನವನ್ನು ಅಲ್ಲಿ ಇರಿಸಿದ್ದಾರೆ. ಆ ದೇಶಗಳಿಗೆ ವೈರಿಗಳಿಲ್ಲವೆಂದು ಯಾರೂ ಹೇಳಲಾರರು.

ಸಾಂಬ್ರಾಕ್ಕೆ ಉದ್ಯಾನ ಬೇಡ. ಸೇನೆಯ ಭಾಗಕ್ಕೆ ಬೆನ್ನು ಮಾಡಿ ನಾಗರಿಕ ಭಾಗವನ್ನು ಮಾತ್ರ ತೋರುವ ಒಂದು ಅಂಕಣ; ಏನು ತೆಗೆಯಬಹುದು, ಏನು ತೆಗೆಯಕೂಡದೆಂದು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದ ಒಂದು ಹಲಗೆ; ಬಂದವರ ಹೆಸರು ಬರೆಯಿಸಿಕೊಳ್ಳುವ ಒಂದು ವಹಿ; ಶಾಲೆಯ ಮಕ್ಕಳಿಗೆ ವಾರಕ್ಕೊಂದು ದಿನ. ಇಷ್ಟಾದರೆ ಹಾದಿಬದಿಯಲ್ಲಿ ಚೆದುರಿ ನಿಲ್ಲುವವರೆಲ್ಲ ಒಂದೇ ಕಡೆ ಕಣ್ಣಿನ ಕೆಳಗೆ ಬರುವರು. ಕಾವಲುಗಾರನ ಕೆಲಸವೂ ಹಗುರಾಗುವದು. ಬೇಲಿಯಿಂದ ಓಡಿಸಿದವನು ಮತ್ತೊಂದು ಬೇಲಿಗೆ ಹೋಗುವನು. ಒಳಗೆ ಕರೆದವನು ನಿಯಮಕ್ಕೆ ಒಳಗಾಗುವನು. ಜಿಲ್ಲೆಯ ಸಾಹಿತ್ಯ ವಿಜ್ಞಾನ ಸಂಘಗಳು, ಶಾಲೆ ಕಾಲೇಜುಗಳು, ಲೋಕಸಭೆಗೆ ಇಲ್ಲಿಂದ ಹೋದ ಪ್ರತಿನಿಧಿಗಳು ಕೂಡಿ ಈ ಮಾತನ್ನು ನಿಲ್ದಾಣದ ಅಧಿಕಾರಿಗಳ ಮುಂದೆ ಈಗಲೇ ಇಡಬೇಕು. ಗೋಡೆ ಎದ್ದ ಮೇಲೆ ಕಿಟಕಿ ಕೊರೆಯುವದು ದುಬಾರಿಯ ಕೆಲಸ.

ಈ ನಿಲ್ದಾಣಕ್ಕಾಗಿ ನೆಲ ಬಿಟ್ಟುಕೊಟ್ಟವರು ಸುತ್ತಣ ಹಳ್ಳಿಗಳವರು. ಅದರ ಸದ್ದನ್ನು ಸಹಿಸುವವರು ಸಾಂಬ್ರಾ, ಮುತಗಾ, ಬಾಳೇಕುಂದ್ರಿಯ ಜನರು. ಅವರಲ್ಲಿ ಬಹುಜನರು ವಿಮಾನದ ಮೆಟ್ಟಲನ್ನು ಎಂದೂ ತುಳಿಯಲಿಕ್ಕಿಲ್ಲ. ಟಿಕೆಟು ಕೊಳ್ಳಲಾರದವನಿಗೆ ಆಕಾಶದಲ್ಲಿ ಉಳಿದಿರುವ ಪಾಲು ನೋಟವೊಂದೇ. ಆ ಪಾಲನ್ನೂ ಅವನಿಂದ ಕಿತ್ತುಕೊಂಡು, ಆ ಮೇಲೆ ನಮ್ಮ ಜಿಲ್ಲೆಯಿಂದ ವೈಮಾನಿಕರೂ ವಿಜ್ಞಾನಿಗಳೂ ಏಕೆ ಹುಟ್ಟುವದಿಲ್ಲವೆಂದು ಸಭೆಗಳಲ್ಲಿ ಮರುಗುವದು ಯಾರಿಗೂ ಶೋಭಿಸುವದಿಲ್ಲ.